ನನಗೆ ಕೇಳಿಸದ ಸೀಟಿ

ಆ ಪೆಟ್ಟಿಗೆ ಮೊದಲ ಸಲ ನನ್ನ ರೇಡಿಯೊ ರಿಪೇರಿ ಅಂಗಡಿಗೆ ಬಂದಾಗ ಅದರ ರೋಗ ಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ವಿಚ್ ಹಾಕಿ, ಒಳಗಿನ ಗಾಜಿನ ವಾಲ್ವುಗಳು ಕಾದು ಕೆಂಪಗಾಗುತ್ತಿದ್ದಂತೆ ಸ್ಪೀಕರಿನಿಂದ ಗುಂಯ್ ಎಂಬ ದಪ್ಪ ಸದ್ದು ಹೊರಟು ಬೆಂಚಿನ ಮೇಲಿದ್ದ ಸ್ಕ್ರೂಗಳ ಡಬ್ಬಿಯೂ ಸಣ್ಣಗೆ ನಡುಗಿತು. ಗಿಟಾರಿನ ವೈರು ಇನ್ನೂ ಚುಚ್ಚಿರಲೇ ಇಲ್ಲ.

"ಇದ ನೋಡ್ರಿ ಅಣ್ಣಾರ. ತಂತಿ ಮುಟ್ಟೂದ್ರಾಗ ಇದ ಹಾಡಾಕ ಸುರು ಮಾಡತೈತಿ" ಅಂದರು ಅದನ್ನು ತಂದಿದ್ದ ಅಕ್ಕಾರು.

ಅವರು ನರೇಗಲ್ಲಿನ ಹೈಸ್ಕೂಲಿನಲ್ಲಿ ಸಂಗೀತ ಕಲಿಸುವವರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕಾರ ಅನ್ನುವುದೇ ರೂಢಿ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ಸಣ್ಣ ಸರಳು ಜಾರಿಸುತ್ತ ನುಡಿಸುತ್ತಾರೆ. ವಚನ ಗಾಯನಕ್ಕೆ ಸಾಥ್ ಕೊಡಲು ಸುತ್ತಲಿನ ಊರುಗಳಿಂದ ಅವರಿಗೆ ಕರೆ ಬರುತ್ತಿತ್ತು. ಹುಬ್ಬಳ್ಳಿಯಲ್ಲಿ ಅವರಿಗೆ ಗಿಟಾರು ಕಲಿಸಿದ, ರೈಲ್ವೆಯಿಂದ ನಿವೃತ್ತರಾದ ಗುರುಗಳ ಮನೆಯಿಂದ ಕೊಂಡು ತಂದ ಆಂಪ್ಲಿಫೈಯರ್ ಅದು. ಮರದ ಮೈ, ಮುಂದೆ ಮಾಸಿದ ಜಾಳಿಗೆ ಬಟ್ಟೆ, ಒಳಗೆ ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಮೂರು ವಾಲ್ವು. ಈಗಿನ ಹಗುರ ಪೆಟ್ಟಿಗೆಗಳಲ್ಲಿ ಸರಳು ಜಾರಿಸಿದರೆ ದನಿ ಬಾಯಿ ಮುಚ್ಚಿಕೊಂಡಂತೆ ಬರುತ್ತದೆ, ಇದರಲ್ಲಾದರೆ ಮನುಷ್ಯರ ಕೊರಳಿನ ಹಾಗೆ ಬರುತ್ತದೆ ಎಂದು ಅವರ ಹೇಳಿಕೆ. ಅದು ಖರೇ ಎಂದು ನನಗೂ ಗೊತ್ತಿತ್ತು. ವಾಲ್ವಿನ ಸೆಟ್ಟು ಕೈಗೆ ಬಂದು ಎಷ್ಟೋ ಕಾಲವಾಗಿದ್ದರಿಂದ ನಾನು ಆಸೆಯಿಂದಲೇ ತೆಗೆದುಕೊಂಡೆ.

ಗುಂಯ್ ಸದ್ದಿಗೆ ಕಾರಣ ಹಳೆಯ ಕಂಡೆನ್ಸರ್. ಕರೆಂಟಿನ ಏರಿಳಿತವನ್ನು ನುಂಗಿ ಸಪಾಟು ಮಾಡಿ ಕೊಡುವುದು ಅದರ ಕೆಲಸ. ವರ್ಷಾನುಗಟ್ಟಲೆ ಕಾದು ಕಾದು ಅದರ ಒಳಗಿನ ದ್ರವ ಒಣಗಿಹೋಗಿತ್ತು. ಅಂಥದ್ದು ಈಗ ಸಿಗುವುದಿಲ್ಲ. ಅದರ ಬದಲಿಗೆ ಈಗಿನ ಕಂಡೆನ್ಸರ್ ತರಿಸಿ, ವಾಲ್ವುಗಳನ್ನು ಕೂರಿಸಿದ ತಗಡಿನ ತಟ್ಟೆಯ ಕೆಳಗೆ ಜಾಗ ಮಾಡಿ, ಅಡ್ಡ ಬಂದ ವೈರುಗಳನ್ನು ಪಕ್ಕಕ್ಕೆ ಸರಿಸಿ ಬೆಸುಗೆ ಹಾಕಿದೆ. ಸ್ವಿಚ್ ಹಾಕಿದರೆ ಪೆಟ್ಟಿಗೆ ಇದೆಯೋ ಇಲ್ಲವೋ ಎನ್ನುವಷ್ಟು ನಿಶ್ಶಬ್ದ. ಅಕ್ಕಾರು ಬಂದು ಖುಷಿಯಿಂದ ಒಯ್ದರು. ನಾನೂ ಆ ಸಂಜೆ ಮನೆಯಲ್ಲಿ ಹೆಂಡತಿಯ ಮುಂದೆ, ಇನ್ನೂ ಈ ಕೈಗೆ ವಾಲ್ವು ಮರೆತಿಲ್ಲ ಎಂದು ಹೇಳಿಕೊಂಡೆ.

ವಾರ ಕಳೆಯುವುದರೊಳಗೆ ಅಕ್ಕಾರು ಪೆಟ್ಟಿಗೆ ಸಮೇತ ಮತ್ತೆ ಬಂದರು.

"ಗುಂಯ್ ಅನ್ನೂದು ಹೋತ್ರಿ ಅಣ್ಣಾರ. ಆದರ ಈಗ ಸೀಟಿ ಬರಾಕತ್ತೈತಿ. ಸಣ್ಣದು, ಭಾಳ ಮ್ಯಾಲಿನ ದನಿ. ಟ್ರೆಬಲ್ ತಿರುವಿದ್ರ ಜೋರಾಗತೈತಿ."

ನಾನು ಹಚ್ಚಿ ಕಿವಿಗೊಟ್ಟೆ. ಏನೂ ಇರಲಿಲ್ಲ. ಮೇಲಿನ ದನಿ ಏರಿಸುವ ಟ್ರೆಬಲ್ ಗುಂಡಿ ತಿರುವಿದೆ. ಸ್ಪೀಕರಿನ ಜಾಳಿಗೆಗೆ ಕಿವಿ ತಾಗುವಷ್ಟು ಬಾಗಿದೆ. ವಾಲ್ವು ಕಾದಾಗ ಬರುವ ಸಣ್ಣ ಉಸಿರಿನಂಥ ಸದ್ದೂ ಇರಲಿಲ್ಲ. ನನ್ನ ಕಂಡೆನ್ಸರಿನ ಕೆಲಸ ಅಷ್ಟು ಚಲೋ ಆಗಿದೆ ಎಂದುಕೊಂಡೆ.

"ಎಲ್ಲೈತ್ರಿ ಅಕ್ಕಾರ?"

"ಇದ... ಈಗೂ ಬರಾಕತ್ತೈತಲ್ರಿ!"

ನನ್ನ ಅಂಗಡಿ ಗಜೇಂದ್ರಗಡದ ಬಸ್ ಸ್ಟ್ಯಾಂಡಿಗೆ ಹತ್ತಿರ. ಬಸ್ಸು ಹಿಂದಕ್ಕೆ ತೆಗೆಯುವ ಸದ್ದು, ಕಂಡಕ್ಟರುಗಳ ಕೂಗು, ಹಾರ್ನು ಯಾವಾಗಲೂ ಇದ್ದದ್ದೇ. ಅವುಗಳ ನಡುವೆ ಏನಾದರೂ ಇರಬಹುದೇ ಎಂದು, ಚಹಾಕ್ಕೆ ಬಂದು ಕೂತಿದ್ದ ನನ್ನ ವಾರಿಗೆಯ ಇಬ್ಬರು ಗೆಳೆಯರನ್ನು ಕೇಳಿದೆ. ಇಬ್ಬರೂ ಇಲ್ಲವೆಂದು ತಲೆ ಅಲ್ಲಾಡಿಸಿದರು. ಆದರೂ ಅಕ್ಕಾರ ಸಮಾಧಾನಕ್ಕೆಂದು ಗಿಟಾರಿನ ವೈರು ಬದಲಾಯಿಸಿದೆ, ಮೊದಲ ವಾಲ್ವು ತೆಗೆದು ನನ್ನ ಹತ್ತಿರವಿದ್ದ ಇನ್ನೊಂದು ಹಾಕಿದೆ. ಅಕ್ಕಾರು ಮತ್ತೆ "ಇನ್ನೂ ಐತ್ರಿ" ಅಂದರು. ನಿಮ್ಮ ಮನೆಯ ವೈರಿಂಗಿನಲ್ಲಿ ಅರ್ಥಿಂಗ್ ಸರಿ ಇರಲಿಕ್ಕಿಲ್ಲ ಎಂದೆ. "ಇದು ನಿಮ್ಮ ಅಂಗಡೀ ಕರೆಂಟ್ ಅಲ್ಲೇನ್ರಿ?" ಎಂದು ಅವರು ಕೇಳಿದರು. ಆ ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಸಿಟ್ಟು ಬಂತು.

"ಅಕ್ಕಾರ, ಸೀಟಿ ಪೆಟ್ಟಿಗ್ಯಾಗ ಇಲ್ಲ. ನಿಮ್ಮ ತಲ್ಯಾಗ ಹೊಡ್ಯಾಕತ್ತೈತಿ" ಎಂದುಬಿಟ್ಟೆ.

ಗೆಳೆಯರು ನಕ್ಕರು. ಒಬ್ಬನಂತೂ ಚಹಾದ ಕಪ್ಪು ಕೆಳಗಿಟ್ಟು ನಕ್ಕ. ಅಕ್ಕಾರು ನಗಲಿಲ್ಲ, ಜಗಳವನ್ನೂ ಮಾಡಲಿಲ್ಲ. "ಇರಬೋದ್ರಿ" ಎಂದು ಮೆಲ್ಲಗೆ ಅಂದು, ಪೆಟ್ಟಿಗೆಯನ್ನು ಆಟೋದಲ್ಲಿ ಇಡಿಸಿಕೊಂಡು ಹೋದರು.

ಶ್ರಾವಣದಲ್ಲಿ ನರಗುಂದದಲ್ಲಿ ಒಂದು ವಚನ ಗಾಯನದ ಕಾರ್ಯಕ್ರಮವಿತ್ತು. ನರಗುಂದ ನನ್ನ ಹೆಂಡತಿಯ ತವರು. ಹೇಗೂ ಆಕೆಯನ್ನು ಕರೆದುಕೊಂಡು ಹೋಗಿದ್ದೆ. ಅಕ್ಕಾರು ಸಾಥ್ ಕೊಡುತ್ತಾರೆ ಎಂದು ಗೊತ್ತಾಗಿ, ನಾನು ರಿಪೇರಿ ಮಾಡಿದ ಪೆಟ್ಟಿಗೆ ಹೇಗೆ ನುಡಿಯುತ್ತದೆ ನೋಡೋಣ ಬಾ ಎಂದು ಹೆಂಡತಿಯನ್ನು ಸಭಾಭವನಕ್ಕೆ ಕರೆತಂದೆ. ಮುಂದಿನ ಸಾಲಿನ ಹತ್ತಿರವೇ ಕೂತೆವು. ಹಾಡುವವರು ನರಗುಂದದ ಹಿರಿಯ ಗಾಯಕರು, ಈ ಭಾಗದಲ್ಲಿ ಅವರ ಮಾತಿಗೆ ತೂಕವಿತ್ತು. ಅವರು ಕರೆದ ಸಾಥಿದಾರರನ್ನು ಉಳಿದವರೂ ಕರೆಯುತ್ತಾರೆ. ಅಕ್ಕಾರು ಅವರ ಜೊತೆ ಕೂತದ್ದು ಅದೇ ಮೊದಲು.

ಪೆಟ್ಟಿಗೆಯ ಸ್ಪೀಕರಿನ ಮುಂದೆ ಮೈಕು ಇಟ್ಟಿದ್ದರು. ಗಾಯಕರು ಆಲಾಪ ಶುರು ಮಾಡಿದರು. ಅಕ್ಕಾರು ಪೆಟ್ಟಿಗೆಯ ವಾಲ್ಯೂಮ್ ಏರಿಸಿ ಸರಳು ಜಾರಿಸಿದರು. ನನಗೆ ಬಹಳ ಚಂದ ಕೇಳಿಸಿತು. ಹೆಮ್ಮೆಯಿಂದ ಹೆಂಡತಿಯ ಕಡೆ ತಿರುಗಿದೆ. ಆಕೆ ಸೆರಗಿನಿಂದ ಕಿವಿ ಒತ್ತಿಕೊಂಡಿದ್ದಳು.

ಸುತ್ತ ನೋಡಿದೆ. ಹಿಂದಿನ ಸಾಲಿನ ಹುಡುಗಿಯರು ಮುಖ ಕಿವುಚಿ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಒಂದು ಕೂಸು ಅಳಲು ಶುರು ಮಾಡಿತ್ತು. ಯಾರೋ "ಏ, ಬಂದ್ ಮಾಡ್ರೀ ಅದನ್ನ!" ಎಂದು ಕೂಗಿದರು. ಮೈಕಿನವನು ಓಡಿ ಬಂದು ತನ್ನ ಗುಂಡಿಗಳನ್ನು ತಿರುವಿದ. ನನಗೆ ಏನೊಂದೂ ಅರ್ಥವಾಗಲಿಲ್ಲ.

"ಏನಾತ?" ಎಂದೆ ಹೆಂಡತಿಗೆ.

"ಏನಾತ ಅಂದ್ರ? ಕೇಳಂಗಿಲ್ಲೇನ್ರಿ ನಿಮಗ? ಕಿವ್ಯಾಗ ದಬ್ಬಣ ಹಾಕಿದಂಗ ಸೀಟಿ ಹೊಡ್ಯಾಕತ್ತೈತಿ!"

ನಾನು ಮತ್ತೆ ವೇದಿಕೆಯ ಕಡೆ ಕಿವಿಗೊಟ್ಟೆ. ಎಷ್ಟು ಗಮನವಿಟ್ಟು ಕೇಳಿದೆನೆಂದರೆ, ದೂರದಲ್ಲಿ ಫ್ಯಾನಿನ ರೆಕ್ಕೆ ಲಟಕ್ ಎನ್ನುವುದೂ ಕೇಳಿಸಿತು. ಸೀಟಿ ಮಾತ್ರ ಇಲ್ಲ.

ಗಾಯಕರು ಹಾಡು ನಿಲ್ಲಿಸಿದರು. ಅಕ್ಕಾರ ಕಡೆ ಬಾಗಿ ಏನೋ ಅಂದರು. ಅಕ್ಕಾರು ಕೈ ಚಾಚಿ ಸ್ವಿಚ್ ಆರಿಸಿದರು. ಹೆಂಡತಿ ಸೆರಗು ಇಳಿಸಿದಳು. ಕೂಸು ಸುಮ್ಮನಾಯಿತು. ಕಾರ್ಯಕ್ರಮ ಹಾರ್ಮೋನಿಯಂ ಮತ್ತು ತಬಲಾದ ಜೊತೆ ಮುಂದುವರಿಯಿತು. ಎದ್ದು ಹೋದರೆ ಸಭೆಗೆ ಅವಮರ್ಯಾದೆಯಾದೀತೆಂದೋ ಏನೋ, ಅಕ್ಕಾರು ತೊಡೆಯ ಮೇಲಿನ ಗಿಟಾರಿನ ಮೇಲೆ ಎರಡೂ ಕೈಯಿಟ್ಟುಕೊಂಡು, ಕಾರ್ಯಕ್ರಮ ಮುಗಿಯುವವರೆಗೂ ಅಲ್ಲೇ ಕೂತರು. ನಾನು ನನ್ನ ಮುಂದಿನವರ ಬೆನ್ನಿನ ಮರೆಯಲ್ಲಿ ಕುಗ್ಗಿ ಕೂತೆ. ಮುಗಿದ ಮೇಲೆ ಅವರನ್ನು ಮಾತನಾಡಿಸಬೇಕಿತ್ತು. ಹೆಂಡತಿಯ ಕೈ ಹಿಡಿದು ಬದಿಯ ಬಾಗಿಲಿನಿಂದ ಹೊರಬಿದ್ದೆ.

ಊರಿಗೆ ಮರಳಿದ ಮೇಲೂ ನನ್ನ ಮನಸ್ಸು ಒಪ್ಪಲಿಲ್ಲ. ಮೈಕಿನವನ ತಪ್ಪಿರಬೇಕು, ಸಭಾಭವನದ ಗೋಡೆಗಳ ತಪ್ಪಿರಬೇಕು ಎಂದು ಹೆಂಡತಿಯ ಮುಂದೆ ವಾದಿಸಿದೆ. ಆಕೆ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದಳು. ಲಾಳಿ ನಿಲ್ಲಿಸಿ, ಮೊಬೈಲು ಕೈಗೆತ್ತಿಕೊಂಡಳು. ಕಿವಿ ಪರೀಕ್ಷೆ ಮಾಡಿಕೊಳ್ಳುವ ವಿಡಿಯೊ ಒಂದನ್ನು ಆಕೆ ಎಲ್ಲೋ ಹುಡುಕಿ ಇಟ್ಟಿದ್ದಳು. ಅದರಲ್ಲಿ ಒಂದು ದನಿ ಕೆಳಗಿನಿಂದ ಶುರುವಾಗಿ ಮೆಲ್ಲಗೆ ಮೇಲೇರುತ್ತ ಹೋಗುತ್ತದೆ.

"ಕೇಳಸೂದು ನಿಂತಾಗ ಹೇಳ್ರಿ."

ದನಿ ಏರಿತು. ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಆಮೇಲೆ ನಿಂತುಹೋಯಿತು.

"ಮುಗೀತು" ಎಂದೆ.

ಮೊಬೈಲನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಪರದೆಯ ಮೇಲಿನ ಗೆರೆ ಇನ್ನೂ ನಡೆಯುತ್ತಲೇ ಇತ್ತು. ಅರ್ಧ ದಾರಿಯನ್ನೂ ಮುಟ್ಟಿರಲಿಲ್ಲ.

"ನಿನಗ ಕೇಳಾಕತ್ತೈತೇನ?"

"ಹೂಂ."

ಇನ್ನಷ್ಟು ಹೊತ್ತು ಕಾದೆವು. "ಈಗ ನಂದೂ ನಿಂತ್ತು" ಅಂದಳು. ಅವಳಿಗೆ ಕೇಳುತ್ತ ನನಗೆ ಕೇಳದೆ ಹೋದ ಆ ಹೊತ್ತು ಬಹಳ ಉದ್ದವಿತ್ತು. ನನ್ನ ಕಿವಿ ಇಲ್ಲದ ಎಷ್ಟೊಂದು ಜಾಗ ಈ ಮನೆಯಲ್ಲೇ ಇತ್ತು ಎಂದು ನನಗೆ ಆಗ ಹೊಳೆಯಿತು. ಕಿವಿಯನ್ನೇ ನಂಬಿ ಬದುಕಿದವನು ನಾನು. ಮೀಟರು ಹಚ್ಚುವ ಮೊದಲೇ ಸದ್ದು ಕೇಳಿ ರೋಗ ಹೇಳುತ್ತೇನೆ ಎಂದು ಊರೆಲ್ಲ ಹೇಳಿಕೊಂಡವನು. ಮನುಷ್ಯರ ಮಾತು ಚೆನ್ನಾಗಿ ಕೇಳುತ್ತಿತ್ತು, ಹಾಡು ಕೇಳುತ್ತಿತ್ತು. ಮೇಲಿನ ದನಿ ಯಾವಾಗ ಹೋಯಿತೋ ಗೊತ್ತೇ ಆಗಿರಲಿಲ್ಲ.

"ಏನ್ ಮಾಡ್ತೀರಿ?" ಎಂದು ಹೆಂಡತಿ ಕೇಳಿದಳು.

"ಆಕಿ ಇನ್ನ ನಮ್ಮ ಅಂಗಡಿಗೆ ಬರೂದಿಲ್ಲ ಬಿಡು" ಎಂದೆ.

"ಬರೂದಿಲ್ಲ ಅಂತ ನಿಮಗ ಸಮಾಧಾನ ಆಗೇತೇನು?"

ಆಗಿತ್ತು. ಅದನ್ನು ಆಕೆ ಕಂಡುಹಿಡಿದಳು ಎಂಬುದೇ ನನಗೆ ಹೆಚ್ಚು ನಾಚಿಕೆ ತಂದಿತು. ಅವಳು ಮತ್ತೆ ಲಾಳಿ ಎಸೆಯಲು ಶುರು ಮಾಡಿದಳು. ನಾನು ಮಗ್ಗದ ಪಕ್ಕದಲ್ಲೇ ಕೂತೆ. ಯಾರಿಗೂ ಹೇಳದೆ ಇದ್ದುಬಿಡಬಹುದಿತ್ತು. ಸಣ್ಣ ದನಿ ಬೇಕಾಗುವ ಕೆಲಸ ಬಂದರೆ ಏನಾದರೂ ನೆವ ಹೇಳಿ ವಾಪಸು ಕಳಿಸಬಹುದಿತ್ತು. ಆದರೆ ವೇದಿಕೆಯ ಮೇಲೆ ಗಿಟಾರಿನ ಮೇಲೆ ಕೈಯಿಟ್ಟು ಕೂತ ಅಕ್ಕಾರ ಮುಖ ಕಣ್ಣ ಮುಂದಿನಿಂದ ಸರಿಯಲಿಲ್ಲ. ಮುಂದಿನ ರವಿವಾರ ರಿಪೇರಿ ಹತ್ಯಾರುಗಳ ಚೀಲ ಹಿಡಿದು ನರೇಗಲ್ಲಿನ ಬಸ್ಸು ಹತ್ತಿದೆ.

ಅಕ್ಕಾರ ಮನೆಯಲ್ಲಿ ಅವರೂ ಅವರ ಅತ್ತೆಯೂ ಇದ್ದರು. ಅತ್ತೆ ಬಹಳ ವಯಸ್ಸಾದವರು, ಕಿವಿಯ ಹತ್ತಿರ ಬಾಗಿ ಮಾತಾಡಬೇಕು. ಗಂಡ ಕೆಲಸದ ಮೇಲೆ ಪರ ಊರಲ್ಲಿ. ಪೆಟ್ಟಿಗೆ ಪಡಸಾಲೆಯ ಮೂಲೆಯಲ್ಲಿತ್ತು. ಹಿಂದಿನ ಹಲಗೆ ಬಿಚ್ಚಿತ್ತು.

"ರೋಣದಾಗ ತೋರಿಸಿದೆ" ಅಂದರು ಅಕ್ಕಾರು. "ಇದರೊಳಗಿಂದೆಲ್ಲಾ ಕಿತ್ತ ಹೊಸಾ ಬೋರ್ಡ್ ಕುಂಡ್ರಸ್ತೀವಿ ಅಂದ್ರು. ವಾಲ್ವು ಯಾರೂ ರಿಪೇರಿ ಮಾಡಂಗಿಲ್ಲಂತ. ನಾಳೆ ಕಳಸ್ತೀನಿ."

"ಕಳಸಬ್ಯಾಡ್ರಿ" ಎಂದೆ. ನೆಲ ನೋಡುತ್ತ ಹೇಳಿದೆ: "ಸೀಟಿ ಐತ್ರಿ ಅಕ್ಕಾರ. ನನಗ ಕೇಳಂಗಿಲ್ಲ. ಮ್ಯಾಲಿನ ದನಿ ನನ್ನ ಕಿವೀಗೆ ಬರೂದ ನಿಂತೈತಿ. ನನಗೂ ಮೊನ್ನೆ ಗೊತ್ತಾತು. ನರಗುಂದದಾಗ ನಾನೂ ಇದ್ದೆ."

ಅವರು ಶಾಂತವಾಗಿಯೇ ಅಂದರು: "ನೀವು ಹಂಗಂದ ಮ್ಯಾಲ ನಾನು ಗದಗಿಗೆ ದವಾಖಾನಿಗೆ ಹೋಗಿದ್ದೆ ಅಣ್ಣಾರ. ಕಿವಿ ತೋರಿಸಿದೆ. ಕಿವಿ ಚಲೋ ಅದಾವ ಅಂದ್ರು ಡಾಕ್ಟರ್. ಹಂಗಾರ ಕೆಟ್ಟಿದ್ದು ನನ್ನ ತಲೀನ ಅಂತ ತಿಳಕೊಂಡೆ. ಮನ್ಯಾಗ ಅತ್ತೀನ್ನ ಕೇಳಿದ್ರ ಅವರಿಗೆ ಏನೂ ಕೇಳಂಗಿಲ್ಲ. ನುಡಸೂ ಮುಂದ ಸೀಟಿ ಬಂದ್ರ, ಇದು ನನ್ನ ಭ್ರಮಿ, ಇದು ನನ್ನ ಭ್ರಮಿ ಅನಕೋತ ನುಡಸ್ತಿದ್ದೆ. ನರಗುಂದದಾಗ ಮಂದಿ ಕಿವಿ ಮುಚ್ಚಿಕೊಂಡಾಗ ನನಗ ಮೊದಲ ಸಮಾಧಾನ ಆತ್ರಿ. ಆಮ್ಯಾಲ ನಾಚಿಕಿ ಆತು."

ರಿಪೇರಿ ಮಾಡಲು ಒಂದು ಅವಕಾಶ ಕೊಡಿ, ಪೆಟ್ಟಿಗೆಯನ್ನು ಅಂಗಡಿಗೆ ಒಯ್ಯುತ್ತೇನೆ ಎಂದೆ.

"ಒಯ್ಯಬ್ಯಾಡ್ರಿ. ಇಲ್ಲೇ ಮಾಡ್ರಿ, ನನ್ನ ಮುಂದ" ಅಂದರು.

"ಹೌದ್ರಿ. ನನಗೂ ಅದ ಬೇಕು. ಕೈ ನಂದು, ಕಿವಿ ನಿಮ್ಮದು ಆಗಬೇಕು."

ತಟ್ಟೆಯನ್ನು ಪೆಟ್ಟಿಗೆಯಿಂದ ಹೊರಗೆಳೆದು, ಬೋರಲು ಹಾಕಿ ಮಣೆಯ ಮೇಲಿಟ್ಟೆ. ಸ್ಪೀಕರಿನ ವೈರು ಮಾತ್ರ ಉಳಿಸಿಕೊಂಡೆ. ವಾಲ್ವಿನ ಸೆಟ್ಟಿನಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟು ಓಡುತ್ತಿರುತ್ತದೆ. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಉಳಿದಿರುತ್ತದೆ. ಅಕ್ಕಾರನ್ನು ದೂರ ಕೂರಿಸಿ ಸ್ವಿಚ್ ಹಾಕಿದೆ. ನನ್ನ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಎರಡೂ ಕೈ ಒಳಗೆ ಹಾಕಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ ಎಂಬುದು ನಾನು ಮೊದಲು ಕಲಿತ ಪಾಠ. ಬಲಗೈಯಲ್ಲಿ ಮನೆಯ ಮಗ್ಗದಿಂದ ತಂದ ಒಣ ಬಿದಿರಿನ ಕಡ್ಡಿ ಹಿಡಿದು ಒಂದೊಂದೇ ಭಾಗವನ್ನು ಮೆಲ್ಲಗೆ ಒತ್ತುತ್ತ ಹೋದೆ.

"ಐತಿ" ಅನ್ನುವರು ಅಕ್ಕಾರು. ಮತ್ತೊಂದು ಒತ್ತುವೆ. "ಐತಿ."

ಅವರು ಹೇಳಿದ್ದನ್ನು ನಂಬುವುದು ಬಿಟ್ಟು ನನಗೆ ಬೇರೆ ಗತಿಯಿರಲಿಲ್ಲ. ಆದರೆ ಆ ನಂಬಿಕೆ ಸುಲಭವಾಗಿ ಬರಲಿಲ್ಲ. ಪ್ರತಿ ಸಲ "ಐತಿ" ಅಂದಾಗಲೂ ನನ್ನ ಕಿವಿ ತಾನಾಗಿಯೇ ಸ್ಪೀಕರಿನ ಕಡೆ ಹೊರಳಿ, ಏನೂ ಇಲ್ಲವಲ್ಲ ಎಂದು ನನಗೆ ಹೇಳುತ್ತಿತ್ತು.

ಸ್ವಿಚ್ ಆರಿಸಿ ಮೊದಲ ವಾಲ್ವು ಕಿತ್ತು, ಮತ್ತೆ ಕೂರಿಸಿ ಸ್ವಿಚ್ ಹಾಕಿದೆ.

"ನಿಂತ್ತು!" ಅಂದರು.

ಮೊದಲ ವಾಲ್ವಿನಲ್ಲೇ ದೋಷವೆಂದುಕೊಂಡೆ. ಅದನ್ನು ಅಂಗಡಿಯಲ್ಲಿ ಹಾಕಿದ್ದು ನಾನೇ, ನನ್ನ ಹಳೆಯ ದಾಸ್ತಾನಿನದು. ಅವರ ಮೂಲ ವಾಲ್ವನ್ನು ಜೋಪಾನವಾಗಿ ತಂದಿದ್ದೆ. ಅದನ್ನು ಕೂರಿಸಿದೆ. ಸದ್ದಿಲ್ಲ. ಅಕ್ಕಾರ ಮುಖ ಅರಳಿತು. ನಾನೂ ಕಡ್ಡಿ ಕೆಳಗಿಟ್ಟೆ. ಅವರು ಚಹಾ ಮಾಡಲು ಒಳಗೆ ಹೋದರು. ಚಹಾ ತಂದವರು ಬಾಗಿಲಲ್ಲೇ ನಿಂತರು.

"ಮತ್ತ ಬಂತ್ರಿ."

ವಾಲ್ವು ಪೂರ್ತಿ ಕಾದ ಮೇಲೆ ಸೀಟಿಯೂ ಮರಳಿತ್ತು. ನಾನು ಪಕ್ಕದಲ್ಲೇ ಕೂತಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ. ಅವರು ಅಡುಗೆಮನೆಯಿಂದ ಬರುತ್ತಲೇ ಕೇಳಿಸಿಕೊಂಡರು.

ಚಹಾ ಕುಡಿಯದೆ ಮತ್ತೆ ಕಡ್ಡಿ ಹಿಡಿದೆ. ಮೀಟರು ಹಚ್ಚಿ ನೋಡಿದೆ. ಇಷ್ಟು ಮೇಲಿನ ದನಿಗೆ ನನ್ನ ಅಗ್ಗದ ಮೀಟರು ಸರಿಯಾಗಿ ಉತ್ತರ ಕೊಡುವುದಿಲ್ಲ. ಮುಳ್ಳು ಸುಮ್ಮನೆ ತೂಗಾಡಿತು. ಬೆಸುಗೆಗಳನ್ನೆಲ್ಲ ಮತ್ತೊಮ್ಮೆ ಕಾಸಿ ಕೂಡಿಸಿದೆ. ಏನೂ ಆಗಲಿಲ್ಲ. ರೋಣದವರು ಹೇಳಿದ್ದೇ ಸರಿಯೇನೋ, ಒಳಗಿನದೆಲ್ಲ ಕಿತ್ತುಹಾಕಲಿ ಎಂದು ಹೇಳಿ ಎದ್ದುಬಿಡಲೇ ಅನ್ನಿಸಿತು. ಇನ್ನೊಂದು ಸಲ ನೋಡೋಣವೆಂದು ಒಳಗೆ ಕೈ ಚಾಚಿದೆ.

"ಈಗ ಬದಲಾತು" ಅಂದರು ಅಕ್ಕಾರು.

"ಇನ್ನ ಮುಟ್ಟೇ ಇಲ್ಲಲ್ರಿ ಏನೂ."

"ಮುಟ್ಟಿರಲಿಕ್ಕಿಲ್ಲ. ದನಿ ಮಾತ್ರ ಕೆಳಗಿಳೀತು. ಒಂದು ಸ್ವರಕ್ಕಿಂತ ಸ್ವಲ್ಪ ಕಡಿಮಿ."

ಇದು ನಿಮ್ಮ ಭ್ರಮೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟೆಲ್ಲ ಆದ ಮೇಲೂ. ಅದನ್ನು ನುಂಗಿಕೊಂಡೆನಾದರೂ ಪೂರ್ತಿ ನುಂಗಲಾಗಲಿಲ್ಲ. "ಅಕ್ಕಾರ, ಸ್ವಲ್ಪ ಆ ಕಡೆ ಮಾರಿ ಮಾಡಿ ಕುಂಡ್ರ್ತೀರೇನ್ರಿ?" ಎಂದೆ. ಅವರು ಗೋಡೆಯ ಕಡೆ ತಿರುಗಿ ಕೂತರು. ನಾನು ಸದ್ದಿಲ್ಲದೆ ಕೈಯನ್ನು ತಟ್ಟೆಯ ಹತ್ತಿರ ಒಯ್ದೆ, ಹಿಂದಕ್ಕೆ ತಂದೆ, ಮತ್ತೆ ಒಯ್ದೆ. "ಇಳೀತು... ಏರಿತು... ಮತ್ತ ಇಳೀತು." ಬೇಕೆಂದೇ ಕೈ ಅಲ್ಲಾಡಿಸದೆ ಸುಮ್ಮನೆ ಹಿಡಿದೆ. ಅವರೂ ಸುಮ್ಮನಿದ್ದರು. ಒಂದು ಸಲವೂ ತಪ್ಪಲಿಲ್ಲ.

"ಪರೀಕ್ಷಾ ಮುಗೀತೇನ್ರಿ?" ಎಂದರು, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ಮುಗೀತ್ರಿ" ಎಂದೆ. ಅವರು ತಿರುಗಿ ನನ್ನನ್ನು ನೋಡಿದಾಗ ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆದರೆ ಆ ಪರೀಕ್ಷೆಯಿಂದಲೇ ದಾರಿಯೂ ಸಿಕ್ಕಿತು. ಮುಟ್ಟದೆ, ಬರೀ ಕೈ ಹತ್ತಿರ ಒಯ್ದರೆ ದನಿ ಬದಲಾಗುತ್ತದೆ ಎಂದರೆ ಯಾವ ಭಾಗವೂ ಕೆಟ್ಟಿಲ್ಲ. ಎರಡು ವೈರುಗಳು ಗಾಳಿಯಲ್ಲೇ ಒಂದಕ್ಕೊಂದು ಮಾತಾಡುತ್ತಿವೆ. ಕೊನೆಯ ವಾಲ್ವಿನಿಂದ ಸ್ಪೀಕರಿನ ಕಡೆ ಹೋಗುವ ದೊಡ್ಡ ಸದ್ದಿನ ವೈರು, ಗಿಟಾರಿನಿಂದ ಒಳಬರುವ ಸಣ್ಣ ಸದ್ದಿನ ವೈರಿಗೆ ತೀರ ಹತ್ತಿರವಿದ್ದರೆ, ಹೊರಟ ಸದ್ದು ಮತ್ತೆ ಬಾಗಿಲಿಗೆ ಬಂದು ಒಳಗೆ ಹೋಗುತ್ತದೆ. ಸುತ್ತಿ ಸುತ್ತಿ ಸೀಟಿಯಾಗುತ್ತದೆ. ಮೈಕನ್ನು ಸ್ಪೀಕರಿನ ಮುಂದೆ ಹಿಡಿದರೆ ಕಿರುಚುವುದಿಲ್ಲವೇ, ಅದೇ ತರಹ.

ಕಡ್ಡಿಯ ತುದಿಯಿಂದ ಗಿಟಾರಿನ ಸದ್ದು ತರುವ ಹಳದಿ ವೈರನ್ನು ಮೆಲ್ಲಗೆ ಎತ್ತಿ ಆಚೆ ಸರಿಸಿದೆ.

"ನಿಂತ್ತು" ಅಂದರು. ಬಿಟ್ಟೆ. "ಬಂತು." ಮತ್ತೆ ಎತ್ತಿದೆ. "ನಿಂತ್ತು."

ಆ ವೈರನ್ನು ನೋಡುತ್ತ ಕೂತೆ. ಅದರ ಬುಡದಲ್ಲಿ, ಹಿಂದೆ ಅದನ್ನು ಮೂಲೆಗೆ ಹಿಡಿದು ಕಟ್ಟಿದ್ದ ಮೇಣದ ದಾರದ ತುಂಡು ಇನ್ನೂ ಅಂಟಿಕೊಂಡಿತ್ತು. ದಾರವನ್ನು ಕತ್ತರಿಸಿದವನು ನಾನು. ಹೊಸ ಕಂಡೆನ್ಸರಿಗೆ ಜಾಗ ಸಾಲದೆಂದು ಆ ವೈರನ್ನು ಎಳೆದು ತಂದು ದೊಡ್ಡ ಸದ್ದಿನ ವೈರಿನ ಪಕ್ಕ ಮಲಗಿಸಿದವನೂ ನಾನೇ. ಈ ಪೆಟ್ಟಿಗೆ ಮಾಡಿದವರು ಯಾಕೆ ಅಷ್ಟು ದೂರ ಸುತ್ತಿಸಿ ಕಟ್ಟಿದ್ದರು ಎಂದು ಕೇಳಿಕೊಳ್ಳಲಿಲ್ಲ. ಸೀಟಿ ನನಗೆ ಕೇಳಿಸಿರಲಿಲ್ಲ ಎಂಬುದು ಒಂದು ಮಾತು. ಅದನ್ನು ಹುಟ್ಟಿಸಿದವನೇ ನಾನು.

ಅಕ್ಕಾರಿಗೆ ವೈರುಗಳ ಭಾಷೆ ಗೊತ್ತಿಲ್ಲ. ಹಳೆ ಸೆಟ್ಟು, ವೈರು ಜಾರಿತ್ತು ಎಂದರೆ ಸಾಕಿತ್ತು. ಆ ಮಾತು ಬಾಯಲ್ಲಿ ತಯಾರಾಗಿಯೂ ಇತ್ತು.

"ಏನ ಸಿಕ್ತ್ರಿ?" ಎಂದರು.

"ಈ ವೈರ್ ಇಲ್ಲಿಗೆ ತಂದಾವ ನಾನ ಅಕ್ಕಾರ. ಗುಂಯ್ ಅನ್ನೂದು ತಗೀಯಾಕ ಹೋಗಿ ಸೀಟಿ ತಂದಿಟ್ಟೆ. ನೀವು ತಂದಾಗ ಪೆಟ್ಟಿಗ್ಯಾಗ ಇದು ಇರಲಿಲ್ಲ."

ಅವರು ವೈರನ್ನು ನೋಡಿದರು. "ಸರಿ ಮಾಡ್ರಿ" ಅಂದರು. ಅಷ್ಟೇ.

ಹಳದಿ ವೈರನ್ನು ಕಿತ್ತು, ಅದರ ಜಾಗದಲ್ಲಿ, ಪಕ್ಕದ ಸದ್ದು ತಾಗದಂತೆ ಮೈಸುತ್ತ ತಂತಿಯ ಜಾಳಿಗೆ ಹೊದ್ದ ವೈರು ಹಾಕಿದೆ. ಜಾಳಿಗೆಯ ಒಂದು ತುದಿಯನ್ನು ತಟ್ಟೆಗೆ ಬೆಸೆದೆ. ಹಿಂದಿನಂತೆಯೇ ಮೂಲೆಯಿಂದ ಸುತ್ತಿಸಿ ದಾರದಿಂದ ಕಟ್ಟಿದೆ. ಕಂಡೆನ್ಸರನ್ನು ಕಿತ್ತು ಬೇರೆ ಕಡೆ ಕೂರಿಸಿದೆ. ಇದನ್ನು ಮೊದಲೇ ಮಾಡಬಹುದಿತ್ತು, ಇನ್ನಷ್ಟು ತಾಳ್ಮೆ ಬೇಕಿತ್ತು ಅಷ್ಟೇ. ಸ್ವಿಚ್ ಹಾಕಿ ಪೆಟ್ಟಿಗೆ ಪೂರ್ತಿ ಕಾಯಲು ಬಿಟ್ಟೆ. ಅಕ್ಕಾರು ಎದ್ದು ಟ್ರೆಬಲನ್ನು ಪೂರ್ತಿ ತಿರುವಿದರು, ವಾಲ್ಯೂಮನ್ನೂ. ಕಣ್ಣು ಮುಚ್ಚಿ ನಿಂತರು. ಆಮೇಲೆ ಗಿಟಾರು ತೊಡೆಯ ಮೇಲೆ ಎಳೆದುಕೊಂಡು ಸರಳು ಜಾರಿಸಿದರು. ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ಕೂತರು.

"ಇನ್ನ ಏನರ ಕೇಳಸ್ತೈತೇನ್ರಿ?" ಎಂದೆ.

"ಇಲ್ರಿ. ಬರೇ ಗಿಟಾರ್."

ನಾನು ಹೊರಟಾಗ ಅವರು ಬಾಗಿಲವರೆಗೆ ಬಂದರು. "ಅವತ್ತ ಅಂಗಡ್ಯಾಗ ಇಬ್ಬರು ಕುಂತಿದ್ರಲ್ರಿ, ನಕ್ಕವ್ರು. ಅವರಿಗೂ ಹೇಳ್ತೀರೇನ್ರಿ?"

"ಹೇಳ್ತೀನ್ರಿ."

ಹೇಳಿದೆ. ಮರುದಿನ ಚಹಾಕ್ಕೆ ಬಂದವರ ಮುಂದೆ ಎಲ್ಲವನ್ನೂ ಹೇಳಿದೆ. ಒಬ್ಬ, ಇಷ್ಟಕ್ಕ ಯಾಕ ಇಷ್ಟ ಮನಸಿಗೆ ಹಚ್ಚಿಕೊಂಡಿ ಎಂದು ನಕ್ಕ. ಇನ್ನೊಬ್ಬ ನಗಲಿಲ್ಲ. ಅಂಗಡಿ ಖಾಲಿಯಾದ ಮೇಲೆ ಒಬ್ಬನೇ ತಿರುಗಿ ಬಂದು, ಆ ಮೊಬೈಲಿನ ಪರೀಕ್ಷೆ ನನಗೂ ಮಾಡು ಎಂದ. ನನಗಿಂತ ಬೇಗ ಅವನು "ನಿಂತ್ತು" ಎಂದ. ಈಗ ಹಾಡಿನ ಸೆಟ್ಟು ಯಾರೇ ತಂದರೂ ಮೊದಲೇ ಹೇಳಿಬಿಡುತ್ತೇನೆ: ಸಣ್ಣ ದನಿ ನನಗೆ ಕೇಳುವುದಿಲ್ಲ, ಕೂತು ಕೇಳಿ ಹೇಳುವವರಿದ್ದರೆ ಮಾಡಿಕೊಡುತ್ತೇನೆ. ಕೆಲವರು ಕೂರುತ್ತಾರೆ. ಕೆಲವರು ಸೆಟ್ಟು ಎತ್ತಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ. ಹೋಗುವವರ ಬೆನ್ನು ನೋಡುವುದು ಇನ್ನೂ ರೂಢಿಯಾಗಿಲ್ಲ.

ಉಳಿದದ್ದು ನರಗುಂದ. ಶ್ರಾವಣದ ನಂತರ ಅಕ್ಕಾರಿಗೆ ಎಲ್ಲಿಂದಲೂ ಕರೆ ಬಂದಿಲ್ಲವೆಂದು ನನ್ನ ಹೆಂಡತಿಯ ತವರಿನವರಿಂದ ತಿಳಿಯಿತು. ಗಾಯಕರು ಸಾಥಿಗೆ ಕೀಬೋರ್ಡಿನವನೊಬ್ಬನನ್ನು ಇಟ್ಟುಕೊಂಡಿದ್ದರು. ಅಕ್ಕಾರನ್ನು ಕೇಳದೆಯೇ ನಾನು ನರಗುಂದಕ್ಕೆ ಹೋಗಿ ಗಾಯಕರ ಮನೆ ಹುಡುಕಿದೆ. ಹಿರಿಯರು ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು.

"ಬರ್ರಿ, ಕುಂಡ್ರ್ರಿ. ಯಾವೂರ?" ಎಂದರು.

ಶ್ರಾವಣದ ಕಾರ್ಯಕ್ರಮದ ಮಾತೆತ್ತಿದೆ. ಆ ಸೀಟಿಯಲ್ಲಿ ಅಕ್ಕಾರ ತಪ್ಪು ಏನೂ ಇರಲಿಲ್ಲ, ರಿಪೇರಿ ಮಾಡಿದವನು ವೈರು ತಪ್ಪು ಜಾಗದಲ್ಲಿಟ್ಟಿದ್ದ, ಅವರು ತಿರುಗಿ ತಂದು ತೋರಿಸಿದರೂ ನಂಬದೆ ಕಳಿಸಿದ್ದ ಎಂದೆ. ಅವರು ಹುಬ್ಬು ಗಂಟಿಕ್ಕಿ ಕೇಳಿದರು.

"ಹಂಗೇನ್ರಿ? ಆಕಿ ನನಗ ಬ್ಯಾರೇನ ಹೇಳಿದ್ಲಲ್ಲ. ಕಾರ್ಯಕ್ರಮ ಮುಗದ ಮ್ಯಾಲ ನಾನು ಸಿಟ್ಟಿಲೆ ಕೇಳಿದೆ, ಇಂಥಾ ಪೆಟ್ಟಿಗಿ ಯಾರು ರಿಪೇರಿ ಮಾಡ್ಯಾರ, ಅವನ ಹೆಸರ ಹೇಳು, ಮತ್ತ್ಯಾರೂ ಅವನ ಕಡೆ ಹೋಗಬಾರದು ಅಂತ. ರಿಪೇರಿ ಚಲೋ ಆಗೇತ್ರಿ, ನಾನ ಗುಂಡಿ ತಪ್ಪ ತಿರುವಿದೆ ಅಂದ್ಲು. ಗುಂಡಿ ತಿರುವಾಕ ಬರದವ್ರನ್ನ ಹ್ಯಾಂಗ ಕೂಡ ಕುಂಡ್ರಿಸಿಕೊಳ್ಳೂದು ಅಂತ ನಾನೂ ಬಿಟ್ಟೆ."

ತನ್ನ ತಲೆಯೇ ಕೆಟ್ಟಿದೆ ಎಂದು ದವಾಖಾನೆ ಅಲೆದು ಬಂದವರು, ಸಭೆಯ ಮುಂದೆ ಮುಖ ಕಳೆದುಕೊಂಡವರು, ಅದೇ ಗಳಿಗೆಯಲ್ಲಿ ನನ್ನ ಹೊಟ್ಟೆಪಾಡನ್ನು ಯೋಚಿಸಿದ್ದರು. ನರೇಗಲ್ಲಿನ ಪಡಸಾಲೆಯಲ್ಲಿ ಅಷ್ಟು ಹೊತ್ತು ಜೊತೆಗಿದ್ದರೂ ಅದರ ಒಂದು ಸುಳಿವನ್ನೂ ಕೊಟ್ಟಿರಲಿಲ್ಲ.

"ಇಷ್ಟೆಲ್ಲಾ ನಿಮಗ ಹ್ಯಾಂಗ ಗೊತ್ತು?" ಎಂದರು ಹಿರಿಯರು. "ಯಾರ್ರೀ ಅವಾ, ರಿಪೇರಿ ಮಾಡಿದಾವ?"

ನಾನು ಕಟ್ಟೆಯಿಂದ ಇಳಿದು ಅವರೆದುರು ನಿಂತೆ. ನನ್ನ ಹೆಸರು ಹೇಳಿದೆ, ಊರು ಹೇಳಿದೆ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನಿಂದ ನನ್ನ ಅಂಗಡಿಗೆ ಹೇಗೆ ಬರಬೇಕು ಎಂಬುದನ್ನೂ ಬಿಡಿಸಿ ಹೇಳಿದೆ.